ಶೇಷಪ್ಪನ ಒಂಬತ್ತು ಸೆಕೆಂಡು

ಕೊಟ್ಟಿಗೆಹಾರದಿಂದ ಮೂರು ಕಿಲೋಮೀಟರ್ ಒಳಗಿರುವ ಹೊಸಬೈಲು ಕಾಫಿ ಎಸ್ಟೇಟಿನಲ್ಲಿ ಶಶಿಕಿರಣ ರೈಟರ್ ಆಗಿದ್ದ. ರೈಟರ್ ಅಂದರೆ ಬೆಳಿಗ್ಗೆ ಏಳೂವರೆಗೆ ಕಣದಲ್ಲಿ ನಿಂತು ಆಳುಗಳ ಹಾಜರಿ ಕೂಗುವುದು, ಸಂಜೆ ಯಾರು ಎಷ್ಟು ಹಣ್ಣು ಕೊಯ್ದರೆಂದು ತೂಗಿ ಪುಸ್ತಕಕ್ಕೆ ಏರಿಸುವುದು. ಆ ಪದವನ್ನು ಶಶಿಕಿರಣ ಸ್ವಲ್ಪ ಬೇರೆ ಅರ್ಥದಲ್ಲೂ ತೆಗೆದುಕೊಂಡಿದ್ದ. ಆರು ವರ್ಷದಲ್ಲಿ ಏಳು ಹಾಡು ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ್ದ.

ಹಾಡಿದ್ದು ಪಾರ್ಚ್‌ಮೆಂಟ್ ಗೋಡೌನಿನಲ್ಲಿ. ಒಣಗಿಸಿದ ಕಾಫಿಬೀಜದ ಮೂಟೆಗಳನ್ನು ಗೋಡೆಯುದ್ದಕ್ಕೂ ಸೂರಿನವರೆಗೆ ಪೇರಿಸಿದಾಗ ಒಳಗೆ ಪ್ರತಿಧ್ವನಿ ಅನ್ನುವುದೇ ಇರುವುದಿಲ್ಲ. ಕೆಮ್ಮಿದರೂ ರೇಡಿಯೊದಲ್ಲಿ ಕೆಮ್ಮಿದ ಹಾಗೆ ಕೇಳುತ್ತದೆ. ಆದರೆ ಮೂಟೆ ತುಂಬುವುದು ಫೆಬ್ರವರಿ ಹೊತ್ತಿಗೆ. ಏಪ್ರಿಲ್‌ನಲ್ಲಿ ಲಾರಿ ಬಂದು ಎಲ್ಲವನ್ನೂ ಕ್ಯೂರಿಂಗ್ ಕಾರ್ಖಾನೆಗೆ ಹೊತ್ತೊಯ್ದರೆ ಸ್ಟುಡಿಯೊ ಖಾಲಿ. ಹಾಗಾಗಿ ವರ್ಷಕ್ಕೆ ಒಂದು ಹಾಡು, ಬೆಳೆ ಚೆನ್ನಾಗಿದ್ದ ವರ್ಷ ಎರಡು.

ಏಳು ಹಾಡಾದ ಮೇಲೆ ಅವನು ಅವುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮೂಡಿಗೆರೆಗೆ ಹೋದ. ಅಲ್ಲಿ ಅವನ ಚಿಕ್ಕಪ್ಪನ ಮಗಳು ಕೃತಿಕಾ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೇವಾ ಕೇಂದ್ರ ನಡೆಸುತ್ತಿದ್ದಳು. ಪಹಣಿ, ಆಧಾರ್, ಬೆಳೆಹಾನಿ ಅರ್ಜಿ, ಜಾತಿ ಪ್ರಮಾಣಪತ್ರ, ಏನು ಕೊಟ್ಟರೂ ಅಪ್‌ಲೋಡ್ ಮಾಡುತ್ತಿದ್ದಳು. ಹಾಡು ಮಾತ್ರ ಇದೇ ಮೊದಲು.

"ಹಾಡು ಕೇಳಿಸೋ ಆ್ಯಪ್‌ನವರಿಗೆ ನೇರ ಕೊಡೋಕೆ ಆಗಲ್ಲ ಅಣ್ಣ" ಎಂದು ಅವಳು ಅರ್ಧ ಗಂಟೆ ಓದಿಕೊಂಡು ಹೇಳಿದಳು. "ಮಧ್ಯೆ ಒಂದು ಹಂಚಿಕೆ ಕಂಪನಿ ಇರುತ್ತೆ. ವರ್ಷಕ್ಕೆ ಇಷ್ಟು ಅಂತ ಕಟ್ಟಿದರೆ ಎಲ್ಲ ಕಡೆಗೂ ಕಳಿಸ್ತಾರೆ. ಪ್ರತಿ ಹಾಡಿಗೂ ಒಂದೊಂದು ನಂಬರ್ ಕೊಡ್ತಾರೆ, ಆಧಾರ್ ಥರ. ಯಾರಾದ್ರೂ ಮೂವತ್ತು ಸೆಕೆಂಡು ಕೇಳಿದ್ರೆ ಒಂದು ಲೆಕ್ಕ."

"ಇಪ್ಪತ್ತೊಂಬತ್ತು ಕೇಳಿದ್ರೆ?"

"ಕೇಳಿಲ್ಲ ಅಂತ."

ಹಾಡಿನ ಬಗೆ ಯಾವುದೆಂದು ಫಾರ್ಮು ಕೇಳಿತು. ಪಟ್ಟಿಯಲ್ಲಿ ನಲವತ್ತೆರಡು ಬಗೆಗಳಿದ್ದವು, ಭಾವಗೀತೆ ಇರಲಿಲ್ಲ. ಕೃತಿಕಾ "ವರ್ಲ್ಡ್" ಎಂಬುದನ್ನು ಒತ್ತಿದಳು. ಶಶಿಕಿರಣ ಅನುಮಾನಿಸಿದಾಗ "ಕೊಟ್ಟಿಗೆಹಾರನೂ ವರ್ಲ್ಡಲ್ಲೇ ಇರೋದು" ಎಂದಳು. ಹಾಡಿನಲ್ಲಿ ಅಶ್ಲೀಲ ಪದ ಇದೆಯೇ ಎಂಬ ಪ್ರಶ್ನೆಗೆ ಅವನು ಮುಖ ಕೆಂಪಾಗಿ ಇಲ್ಲ ಎಂದ. ಏಳನೆಯದಕ್ಕೆ ಅವನು ಇಟ್ಟಿದ್ದ ಹೆಸರು "ನೀನೆಲ್ಲಿ". ಆರು ವರ್ಷದ ಹಾಡುಗಳಲ್ಲಿ ಅದೇ ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು.

ತಪ್ಪಾದದ್ದು ಅಲ್ಲಿಯೇ. ಡಿಸೆಂಬರಿನಲ್ಲಿ ಎಸ್ಟೇಟಿನ ಒಬ್ಬ ಆಳು, ಬಂದಿದ್ದರೂ ರೈಟರು ತನಗೆ ಗೈರುಹಾಜರಿ ಹಾಕಿದ್ದಾರೆಂದು ತಕರಾರು ತೆಗೆದಿದ್ದ. ಎಸ್ಟೇಟಿನ ಯಜಮಾನರಾದ ಚನ್ನಕೇಶವ ಗೌಡರು, "ನಾಳೆಯಿಂದ ಕೂಗೋದನ್ನ ಫೋನಲ್ಲಿ ಹಿಡ್ಕೊಳಿ ಮಾರಾಯರೇ, ಸಾಕ್ಷಿ ಇರಲಿ" ಎಂದಿದ್ದರು. ಹಾಗೆ ಹಿಡಿದ ಒಂದು ದಿನದ ಹಾಜರಿಯೂ ಪೆನ್‌ಡ್ರೈವಿನಲ್ಲಿ ಇತ್ತು. ಏಳನೇ ಹಾಡು, ಹಾಜರಿ, ಎರಡು ಫೈಲುಗಳಿಗೂ ಹೆಸರಿನ ಬದಲು ಬರೀ ತಾರೀಖು. ಕೃತಿಕಾ ಒಂದನ್ನು ಒತ್ತಿದಳು. ಹೊರಗೆ ಬೆಳೆಹಾನಿಯವರ ಸಾಲು ಬೆಳೆಯುತ್ತಿತ್ತು.

ಎರಡು ವಾರ ಕಳೆದು ಹಾಡುಗಳು ಪ್ರಪಂಚಕ್ಕೆ ಬಿಡುಗಡೆಯಾದವು. ಅವತ್ತು ಶಶಿಕಿರಣ ತೂಕದ ಶೆಡ್ಡಿನಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಒಂದರಿಂದ ಶುರು ಮಾಡಿದ. ಏಳನೆಯದಕ್ಕೆ ಬಂದಾಗ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಗರಗರ ಕೇಳಿತು, ಆಮೇಲೆ ಅವನದೇ ದನಿ: "ದ್ಯಾವಮ್ಮ." ದೂರದಿಂದ ಒಂದು ಹೆಣ್ಣು ದನಿ, "ಇದೀನಿ." "ವಸಂತಮ್ಮ." "ಇದೀನಿ." ಹೀಗೆ ಹನ್ನೊಂದು ಹೆಸರು. ಹನ್ನೆರಡನೆಯದು ಶೇಷಪ್ಪ. ಉತ್ತರವಿಲ್ಲ. "ಶೇಷಪ್ಪ." ಪಲ್ಪರ್ ತಿರುಗುತ್ತಿತ್ತು. "ಶೇಷಪ್ಪ?" ಎಲ್ಲೋ ಒಂದು ಮರಕುಟಿಗ. ಕೊನೆಗೆ ಯಾರೋ, "ಬಂದಿಲ್ಲ." ಆಮೇಲೆ ಉಳಿದ ಹತ್ತು ಹೆಸರು. ಒಟ್ಟು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.

ಅವನು ಕೃತಿಕಾಗೆ ಫೋನ್ ಮಾಡಿದ.

"ಬದಲಾಯಿಸಬಹುದು" ಎಂದಳು ಅವಳು. "ಆದ್ರೆ ಹಳೇ ನಂಬರ್ ರದ್ದು ಮಾಡಿ, ಹೊಸದಾಗಿ ಅರ್ಜಿ ಹಾಕಿ, ಇನ್ನೊಂದು ಎರಡು ವಾರ. ಇರ್ಲಿ ಬಿಡಣ್ಣ, ಯಾರು ಕೇಳ್ತಾರೆ."

ಅದರಿಂದ ಅವನಿಗೆ ಸ್ವಲ್ಪ ನೋವಾಯಿತು, ಆದರೆ ಒಪ್ಪಿಕೊಂಡ. ಕೊಯ್ಲು ಮುಗಿಯುವ ಕಾಲ, ಪುರುಸೊತ್ತೂ ಇರಲಿಲ್ಲ.

ಫೆಬ್ರವರಿ ಕೊನೆಗೆ ಲೆಕ್ಕ ತೆಗೆದು ನೋಡಿದ. ಮೊದಲ ಆರು ಹಾಡುಗಳನ್ನು ಜನ ಒಟ್ಟು ನಲವತ್ತೊಂದು ಸಲ ಕೇಳಿದ್ದರು. ಅದರಲ್ಲಿ ಮೂವತ್ತು ಅವನೇ. ಏಳನೆಯದನ್ನು ಹದಿನೆಂಟು ಸಾವಿರ ಸಲ ಕೇಳಿದ್ದರು. ಮೊದಲು ಅದನ್ನು ಯಾರೋ ನಿದ್ದೆ ಬರಿಸುವ ಹಾಡುಗಳ ಪಟ್ಟಿಗೆ ಸೇರಿಸಿದ್ದರು. ಅಲ್ಲಿಂದ ಅದು ವಿರಹಗೀತೆಗಳ ಪಟ್ಟಿಗೆ ಬಡ್ತಿ ಪಡೆದಿತ್ತು. ಹಂಚಿಕೆ ಕಂಪನಿಯವರು ವಿಡಿಯೊ ತಾಣಕ್ಕೂ ಕಳಿಸಿದ್ದರು, ಅದರ ಕೆಳಗೆ ನಾನಾ ಭಾಷೆಯಲ್ಲಿ ಕಾಮೆಂಟುಗಳು. ಕೃತಿಕಾ ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದಳು.

"'ಎಲ್ಲರೂ ಇದ್ದಾರೆ, ಬೇಕಾದ ಒಬ್ಬರೇ ಇಲ್ಲ.' ಇದು ಯಾರೋ ಪೋಲೆಂಡಿನವರು. 'ಮೂರನೇ ಸಲ ಕರೆಯುವಾಗ ಗಾಯಕನ ದನಿ ಒಡೆಯುತ್ತದೆ, ನಾನು ಬಸ್ಸಿನಲ್ಲಿ ಅತ್ತುಬಿಟ್ಟೆ.' ಪೋರ್ಚುಗಲ್ಲಿನ ಒಬ್ಬಳು. ದನಿ ಒಡೆದಿತ್ತಾ ಅಣ್ಣ?"

"ಬಾಯಲ್ಲಿ ಅಡಿಕೆ ಇತ್ತು."

"'ಶೇಷಪ್ಪ ಎಂದರೆ ನಿಮ್ಮ ಭಾಷೆಯಲ್ಲಿ ಪ್ರಿಯತಮೆ ಎಂದೇ?' ಇದಕ್ಕೆ ಏನಂತ ಬರೀಲಿ?"

ಏನೂ ಬರೆಯಬೇಡ ಎಂದ ಶಶಿಕಿರಣ.

ವಿಷಯ ಎಸ್ಟೇಟಿಗೆ ತಿಳಿದದ್ದು ವಸಂತಮ್ಮನ ಮಗಳಿಂದ. ಅವಳು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಹಾಸ್ಟೆಲಿನ ಹುಡುಗಿಯೊಬ್ಬಳ ರೀಲಿನಲ್ಲಿ ಕಾಫಿ ಸುರಿಯುತ್ತಿರುವಾಗ ಹಿನ್ನೆಲೆಯಲ್ಲಿ ತನ್ನ ಅಮ್ಮ "ಇದೀನಿ" ಎಂದದ್ದನ್ನು ಕೇಳಿ ತಟ್ಟೆ ಕೆಳಗಿಟ್ಟಳಂತೆ. ಮರುದಿನ ಹಾಜರಿಯ ಹೊತ್ತಿಗೆ ಯಾರೂ ಸಾಲಿನಲ್ಲಿ ನಿಲ್ಲಲಿಲ್ಲ. ಗುಂಪಾಗಿ ಬಂದರು. ಮುಂದೆ ದ್ಯಾವಮ್ಮ. ಅವಳು ಚನ್ನಕೇಶವ ಗೌಡರ ತಂದೆಯ ಕಾಲದಿಂದ ಅಲ್ಲಿ ಕೊಯ್ಲು ಮಾಡುತ್ತಿದ್ದವಳು, ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ.

"ರೈಟರೇ, ನಾನು ಹಾಡಿದೀನಂತೆ ಹೌದಾ?"

"ಹೌದು ದ್ಯಾವಮ್ಮ, ಒಂಥರದಲ್ಲಿ."

"ಮೊದಲೇ ಹೇಳಿದ್ರೆ ಗಂಟಲು ಸರಿ ಮಾಡ್ಕೊತಿದ್ದೆ" ಎಂದು ಅವಳು ಬೇಸರದಿಂದ ಹೇಳಿದಳು.

ಶೇಷಪ್ಪ ಹಿಂದಿನಿಂದ ಬಂದ. ಅವನು ಮರಗಸಿ ಮಾಡುವವನು, ನೆರಳಿನ ಮರಗಳ ಕೊಂಬೆ ಕಡಿಯಲು ಏಣಿ ಹೊತ್ತು ತಿರುಗುವವನು, ಮಾತು ಕಡಿಮೆ. ಆ ದಿನ ಅವನು ಬರದಿದ್ದದ್ದು ಕಳಸದ ಬಾವನಿಂದ ಇಸಿದುಕೊಂಡ ಒಂದು ಏಣಿಯನ್ನು ವಾಪಸು ಕೊಡಲು ಹೋಗಿದ್ದರಿಂದ. ಏಣಿ ಇದ್ದ ಕಾರಣ ಎರಡು ಬಸ್ಸಿನವರು ಹತ್ತಿಸಿಕೊಳ್ಳದೆ, ಮೂರನೆಯದರ ಮೇಲೆ ಕಟ್ಟಿ, ತಲುಪುವಾಗ ಮಧ್ಯಾಹ್ನವಾಗಿತ್ತು.

"ನಾನು ಬಂದಿದ್ರೆ ಈ ಹಾಡು ಇರ್ತಿತ್ತಾ?" ಎಂದು ಕೇಳಿದ.



ಹಾಡಿನಿಂದ ಬರುವ ದುಡ್ಡು ಯಾರಿಗೆಷ್ಟು ಎಂದು ತೀರ್ಮಾನಿಸಲು ಆ ಭಾನುವಾರ ಕೃತಿಕಾ ಲ್ಯಾಪ್‌ಟಾಪ್ ಹಿಡಿದು ಎಸ್ಟೇಟಿಗೆ ಬಂದಳು. ಕಣದಲ್ಲಿ ಕಾಫಿ ಒಣಗುತ್ತಿತ್ತು, ಎಲ್ಲರೂ ಅದರ ಅಂಚಿನಲ್ಲಿ ಕೂತರು. ಚನ್ನಕೇಶವ ಗೌಡರೂ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಕೂತರು. ಕೃತಿಕಾ ತನಗೆ ಗೊತ್ತಿದ್ದ ರೀತಿಯಲ್ಲಿ ವಿವರಿಸಿದಳು.

"ಒಂದು ಹಾಡಿಗೆ ಎರಡು ಹಕ್ಕು. ಪಹಣಿ ಥರ ತಿಳ್ಕೊಳಿ. ಜಮೀನು ಯಾರದು ಅನ್ನೋದು ಒಂದು ಕಾಲಂ, ಬೆಳೆ ಯಾರದು ಅನ್ನೋದು ಇನ್ನೊಂದು. ಪದ ಬರೆದು ರಾಗ ಹಾಕಿದೋರದು ಜಮೀನು. ರೆಕಾರ್ಡ್ ಆಗಿರೋ ದನಿ ಬೆಳೆ. ಮೊದಲು ಹೇಳಿ, ಪದ ಬರೆದಿದ್ದು ಯಾರು?"

"ನಾನು ಬರೆದಿದ್ದಲ್ಲ" ಎಂದ ಶಶಿಕಿರಣ ಪ್ರಾಮಾಣಿಕವಾಗಿ. "ಬರೀ ಹೆಸರು ಅಷ್ಟೆ."

"ನನ್ನ ಹೆಸರು ಇಟ್ಟಿದ್ದು ನಮ್ಮಜ್ಜಿ" ಎಂದಳು ದ್ಯಾವಮ್ಮ.

ಒಬ್ಬೊಬ್ಬರಾಗಿ ಹೇಳುತ್ತ ಹೋದರು. ಇಪ್ಪತ್ತೆರಡು ಹೆಸರಿಗೆ ಹದಿನಾಲ್ಕು ಅಜ್ಜಿಯರು, ಐದು ಅಪ್ಪಂದಿರು, ಒಬ್ಬ ಸೋದರಮಾವ, ಒಬ್ಬ ಶಾಲೆ ಮೇಷ್ಟ್ರು ಸಿಕ್ಕಿದರು. ವಸಂತಮ್ಮನಿಗೆ ಯಾರಿಟ್ಟದ್ದೆಂದು ಗೊತ್ತಿರಲಿಲ್ಲ. ಬಹುಪಾಲು ಸಾಹಿತಿಗಳು ತೀರಿಕೊಂಡಿದ್ದರು. ಸತ್ತವರ ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಬೇಕಾಗುತ್ತದೆಂದು ಕೃತಿಕಾ ಎಚ್ಚರಿಸಿದಾಗ ಆ ಕಾಲಂನಲ್ಲಿ "ಸಾಂಪ್ರದಾಯಿಕ" ಎಂದು ಬರೆಯುವುದೆಂದು ಎಲ್ಲರೂ ಒಪ್ಪಿದರು. ರಾಗಕ್ಕೂ ಅದೇ.

"ಪಲ್ಪರ್ ನಂದು" ಎಂದರು ಚನ್ನಕೇಶವ ಗೌಡರು. ಎಲ್ಲರೂ ಅವರ ಕಡೆ ತಿರುಗಿದರು. "ದುಡ್ಡಿಗಲ್ಲ ಮಾರಾಯ್ತಿ. ಇರೋದು ಹೇಳ್ದೆ. ನಾಲ್ಕು ನಿಮಿಷನೂ ಓಡಿದ್ದು ನನ್ನ ಪಲ್ಪರ್."

ಅವರಿಗೆ "ಪ್ರೊಡ್ಯೂಸರ್" ಎಂಬ ಬಿರುದು ಸಿಕ್ಕಿತು. ಅವರು ಅದನ್ನು ಎರಡು ಸಲ ಮೆಲ್ಲಗೆ ಹೇಳಿ ನೋಡಿಕೊಂಡು ತೃಪ್ತರಾದರು.

ಉಳಿದದ್ದು ಶೇಷಪ್ಪನ ಪ್ರಶ್ನೆ. ಕೃತಿಕಾ ಅಳೆದು ನೋಡಿದಳು: ಮೂರು ಕರೆಗಳ ನಡುವೆ ಅವನು ಇಲ್ಲದಿದ್ದದ್ದು ಒಟ್ಟು ಒಂಬತ್ತು ಸೆಕೆಂಡು. ಉಳಿದವರು ತಲಾ ಒಂದು ಸೆಕೆಂಡಿಗಿಂತ ಕಡಿಮೆ ಇದ್ದರು.

"ಬರದೇ ಇದ್ದವನಿಗೆ ಕೂಲಿ ಎಂಥದು?" ಎಂದಳು ವಸಂತಮ್ಮ.

"ಕೂಲಿ ಅಲ್ಲ ವಸಂತಕ್ಕ, ರಾಯಲ್ಟಿ" ಎಂದ ಶೇಷಪ್ಪ. "ಕೂಲಿ ಬಂದೋರಿಗೆ."

ಒಂದು ಗಂಟೆ ಚರ್ಚೆಯಾಯಿತು. ಶೇಷಪ್ಪ ಒಂಬತ್ತು ಪಾಲು ಕೇಳಲಿಲ್ಲ, ಒಂದು ಸಾಕೆಂದ. ಎಲ್ಲರ ಕಾಮೆಂಟುಗಳೂ ತನ್ನ ಬಗ್ಗೆಯೇ ಇರುವುದನ್ನು ಮಾತ್ರ ನೆನಪಿಸಿದ. ಕೊನೆಗೆ ಇಪ್ಪತ್ತೆರಡು ಹೆಸರು, ಜೊತೆಗೆ ಕೂಗಿದ ಶಶಿಕಿರಣ, ಒಟ್ಟು ಇಪ್ಪತ್ತಮೂರು ಸಮಪಾಲು ಎಂದು ತೀರ್ಮಾನವಾಯಿತು. ಕೃತಿಕಾ ಸಂಜೆವರೆಗೆ ಕೂತು ಇಪ್ಪತ್ತಮೂರು ಇಮೇಲ್ ವಿಳಾಸ ಸೃಷ್ಟಿಸಿದಳು.

ಹಾಳಾದದ್ದು ಮೇಸ್ತ್ರಿ ಜಯಪ್ರಕಾಶನ ಉತ್ಸಾಹದಿಂದ. ಆಳುಗಳನ್ನು ನೋಡಿಕೊಳ್ಳುವವನು ಅವನು. ಯಾವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿಸುವವನು. ಮೂವತ್ತು ಸೆಕೆಂಡು ಕೇಳಿದರೆ ಒಂದು ಲೆಕ್ಕ ಎಂಬುದು ಅವನ ತಲೆಯಲ್ಲಿ ಕೂತಿತ್ತು. ಮರುದಿನದಿಂದ ತೋಟಕ್ಕೆ ಹೋಗುವ ಮುಂಚೆ ಇದ್ದವರ ಹತ್ತೊಂಬತ್ತು ಫೋನುಗಳನ್ನೂ ತೂಕದ ಶೆಡ್ಡಿನಲ್ಲಿ ಒಂದು ಟಾರ್ಪಾಲಿನ ಮೇಲೆ, ಕಾಫಿ ಹರಡಿದ ಹಾಗೆ, ಸಾಲಾಗಿ ಹರಡಿಸಿದ. ಎಲ್ಲದರಲ್ಲೂ "ನೀನೆಲ್ಲಿ" ದಿನವಿಡೀ ತಿರುಗುತ್ತಿತ್ತು. ಗಂಟೆಗೊಮ್ಮೆ ಅವನು ಬಂದು ನಿಂತವನ್ನು ಮತ್ತೆ ಓಡಿಸಿ, ಬಿಸಿಯಾದವನ್ನು ನೆರಳಿಗೆ ಸರಿಸಿ ಹೋಗುತ್ತಿದ್ದ. ಶೆಡ್ಡಿನಲ್ಲಿ ಪುಸ್ತಕ ಬರೆಯುತ್ತಿದ್ದ ಶಶಿಕಿರಣನ ಸುತ್ತ ಅವನದೇ ಹತ್ತೊಂಬತ್ತು ದನಿಗಳು ಹಿಂದೆಮುಂದಾಗಿ ಶೇಷಪ್ಪನನ್ನು ಕರೆಯುತ್ತಿದ್ದವು. ಮೂರನೇ ದಿನಕ್ಕೆ ಅವನಿಗೆ ತಲೆನೋವು ಬಂತು. ಬೇಡ ಎನ್ನಬೇಕೆಂದುಕೊಂಡ. ಆದರೆ ತನ್ನ ಹಾಡನ್ನು ಬೇಡ ಎನ್ನುವುದು ಹೇಗೆಂದು ತಿಳಿಯಲಿಲ್ಲ.

ಒಂಬತ್ತನೇ ದಿನ ಕಂಪನಿಯಿಂದ ಪತ್ರ ಬಂತು. ಮೂಡಿಗೆರೆ ತಾಲ್ಲೂಕಿನ ಒಂದೇ ಟವರಿನಿಂದ ಅಸಹಜ ಪ್ರಮಾಣದಲ್ಲಿ ಕೇಳುವಿಕೆ ನಡೆದಿದೆ, ಇದು ಯಂತ್ರದಿಂದಾದ ಕೃತಕ ಕೇಳುವಿಕೆ ಎಂಬ ಅನುಮಾನವಿದೆ, ಹಾಡನ್ನು ತೆಗೆದುಹಾಕಲಾಗಿದೆ, ಪಟ್ಟಿಯಲ್ಲಿರುವ ಇಪ್ಪತ್ತಮೂರು ಕಲಾವಿದರು ನಿಜವಾದ ಮನುಷ್ಯರೆಂದು ಸಾಬೀತುಪಡಿಸಬೇಕು.

"ನಾವು ಯಂತ್ರನಾ?" ಎಂದು ದ್ಯಾವಮ್ಮ ಕೇಳಿದಳು. ಜಯಪ್ರಕಾಶ ಆ ದಿನ ಊಟ ಮಾಡಲಿಲ್ಲ.

ಕೃತಿಕಾ ಹಾಜರಿ ಪುಸ್ತಕದ ನಕಲು ಕಳಿಸಿದಳು, ಸಾಲಲಿಲ್ಲ. ಆಧಾರ್ ಕಳಿಸಿದಳು, ಅದು ಮನುಷ್ಯರಿದ್ದಾರೆಂದು ಹೇಳುತ್ತದೆ, ಕಲಾವಿದರೆಂದು ಹೇಳುವುದಿಲ್ಲ ಎಂದು ಉತ್ತರ ಬಂತು. ಕೊನೆಗೆ ಪರಿಶೀಲನಾ ಅಧಿಕಾರಿಯೊಬ್ಬರು ವಿಡಿಯೊ ಕರೆ ಮಾಡುತ್ತಾರೆಂದು ದಿನ ಗೊತ್ತಾಯಿತು.

ಆ ದಿನ ಎಲ್ಲರೂ ತಲೆ ಬಾಚಿಕೊಂಡು ಕಣದಲ್ಲಿ ಸಾಲಾಗಿ ನಿಂತರು. ಚನ್ನಕೇಶವ ಗೌಡರು ಹಣ್ಣಿಲ್ಲದಿದ್ದರೂ ಪಲ್ಪರ್ ಚಾಲೂ ಮಾಡಿಸಿದರು. ಲ್ಯಾಪ್‌ಟಾಪಿನ ಪರದೆಯಲ್ಲಿ ಬಂದದ್ದು ರಕ್ಷಾ ಎಂಬ ಇಪ್ಪತ್ತೈದರ ಹುಡುಗಿ. ಇಂಗ್ಲಿಷಿನಲ್ಲಿ ಶುರು ಮಾಡಿದವಳು, ಅವಳ ಹಿಂದೆ ಕೋಳಿ ಕೂಗಿದಾಗ ಕೃತಿಕಾ ಯಾವೂರೆಂದು ಕೇಳಿದ್ದಕ್ಕೆ ನಾಚಿಕೊಂಡು, "ವಸ್ತಾರೆ. ಮನೆಯಿಂದಾನೇ ಕೆಲಸ" ಎಂದಳು. ಆಮೇಲೆ ಪುನಃ ಗಂಭೀರಳಾಗಿ ಪಟ್ಟಿ ತೆರೆದಳು.

"ಕಲಾವಿದರು ಒಂದು, ದ್ಯಾವಮ್ಮ."

"ಇದೀನಿ." ದ್ಯಾವಮ್ಮ ಈ ಸಲ ಗಂಟಲು ಸರಿ ಮಾಡಿಕೊಂಡಿದ್ದಳು.

ರಕ್ಷಾ ಟಿಕ್ ಹಾಕುತ್ತ ಹೋದಳು. ಹನ್ನೊಂದರವರೆಗೆ ತೊಂದರೆಯಾಗಲಿಲ್ಲ.

"ಹನ್ನೆರಡು, ಶೇಷಪ್ಪ."

ಶೇಷಪ್ಪ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತಿದ್ದ. ಬಾಯಿ ತೆರೆಯಲಿಲ್ಲ.

"ಶೇಷಪ್ಪ ಅವ್ರು?"

ವಸಂತಮ್ಮ ಮೊಣಕೈಯಿಂದ ತಿವಿದಳು. ಅವನು ಕಣ್ಣು ಮಿಟುಕಿಸದೆ ಎದುರು ನೋಡುತ್ತ ನಿಂತ.

"ಶೇಷಪ್ಪ?" ರಕ್ಷಾಳ ದನಿ ಕೂಡ ಸ್ವಲ್ಪ ಸಣ್ಣಗಾಯಿತು. "ಅವರು ಬಂದಿಲ್ವಾ?"

"ಬಂದಿದಾರೆ" ಎಂದಳು ಕೃತಿಕಾ. "ಆ ನೀಲಿ ಅಂಗಿಯವರು. ಹಾಡಲ್ಲಿ ಅವರು ಇಲ್ಲ. ಅದಕ್ಕೆ ಮಾತಾಡ್ತಿಲ್ಲ."

"ನನ್ನ ಫಾರ್ಮಲ್ಲಿ ಎರಡೇ ಕಾಲಂ ಇರೋದು ಮೇಡಂ. ಇದ್ದಾರೆ, ಇಲ್ಲ."

"ಕೊಟ್ಟಿದ್ದ ಕೆಲಸ ಮಾಡ್ತಿದಾನೆ ಅವನು" ಎಂದು ಚನ್ನಕೇಶವ ಗೌಡರು ಹಿಂದಿನಿಂದ ಹೇಳಿದರು. "ನಾನು ಪ್ರೊಡ್ಯೂಸರ್. ನಾನು ಗ್ಯಾರಂಟಿ."

ರಕ್ಷಾ ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದಳು. ಪರದೆಯಲ್ಲಿ ಬರೀ ಕುರ್ಚಿ, ಅದರಾಚೆ ಒಂದು ಕೋಳಿ. ಹತ್ತು ನಿಮಿಷ ಯಾರೂ ಕದಲಲಿಲ್ಲ. ಅವಳು ವಾಪಸು ಬಂದು, "ಮೌನ ಪಾತ್ರ" ಎಂದು ಷರಾ ಬರೆದು ಟಿಕ್ ಹಾಕಬಹುದಂತೆ ಎಂದಾಗ ಶೇಷಪ್ಪನ ಹಣೆಯಲ್ಲಿ ಬೆವರಿತ್ತು. ಉಳಿದ ಹತ್ತು ಹೆಸರೂ ಮುಗಿದು, ಶಶಿಕಿರಣನೂ ತಾನಿರುವುದಾಗಿ ಹೇಳಿದ ಮೇಲೆ ಅವಳು ತೀರ್ಪು ಓದಿದಳು. ಹಾಡು ವಾಪಸು ಬರುತ್ತದೆ. ಆದರೆ ಇನ್ನು ಮೇಲೆ ಕೊಟ್ಟಿಗೆಹಾರದ ಟವರಿನ ಕೆಳಗೆ ಯಾರು ಏನು ಕೇಳಿದರೂ ಲೆಕ್ಕಕ್ಕಿಲ್ಲ.

"ಕೇಳಬಹುದಾ?" ಎಂದ ಜಯಪ್ರಕಾಶ.

"ಕೇಳಬಹುದು. ಕೇಳಿದ ಹಾಗೆ ಆಗಲ್ಲ ಅಷ್ಟೆ."

ಜೂನಿನಲ್ಲಿ ಮೊದಲ ರಾಯಲ್ಟಿ ಬಂತು, ತಲಾ ಆರುನೂರ ಚಿಲ್ಲರೆ. ಅಷ್ಟರಲ್ಲಿ ಬೇರೆಯೇ ಕಷ್ಟ ಶುರುವಾಗಿತ್ತು. ಹಾಜರಿಗೆ ಈಗ ಯಾರೂ ಸುಮ್ಮನೆ ಉತ್ತರ ಕೊಡುತ್ತಿರಲಿಲ್ಲ. ವಸಂತಮ್ಮ "ಇದೀ" ಎಂದು ಎಳೆದು, ಒಂದು ಉಸಿರು ತಡೆದು, ಆಮೇಲೆ "ನಿ" ಎನ್ನುತ್ತಿದ್ದಳು. ಇನ್ನೊಬ್ಬ ತನ್ನದು ಸರಿಬರಲಿಲ್ಲ, ಮತ್ತೊಮ್ಮೆ ಕೂಗಿ ಎನ್ನುತ್ತಿದ್ದ. ತಿಂಗಳಿಗೆ ಐದಾರು ಜನ ಹೆಚ್ಚಾಗಿ ಗೈರಾಗತೊಡಗಿದರು, ಶೇಷಪ್ಪನ ದಾರಿ ಹಿಡಿದು. ಐದು ನಿಮಿಷದ ಹಾಜರಿ ನಲವತ್ತಕ್ಕೆ ಏರಿತು. ಚನ್ನಕೇಶವ ಗೌಡರು ಪ್ರೊಡ್ಯೂಸರ್ ಆಗಿ ಅದನ್ನು ಮೆಚ್ಚಿ, ಯಜಮಾನರಾಗಿ ಹೆಬ್ಬೆರಳು ಒತ್ತುವ ಯಂತ್ರ ತಂದು ಗೋಡೆಗೆ ಹೊಡೆಸಿದರು.

ಹೀಗೆ ಶಶಿಕಿರಣನಿಗೆ ಕೂಗುವ ಕೆಲಸ ತಪ್ಪಿತು. ಬೆಳಗಿನ ಹೊತ್ತು ಅವನು ಶೆಡ್ಡಿನಲ್ಲಿ ಕೂತು ಯಂತ್ರ ಕೀ ಕೀ ಎನ್ನುವುದನ್ನು ಕೇಳುತ್ತಿದ್ದ. ಲೋಕದ ಎಲ್ಲೆಲ್ಲೋ ಅವನ ದನಿ ಕೂಗುತ್ತಲೇ ಇತ್ತು. ಇಲ್ಲಿ ಮಾತ್ರ ಬೇಡವಾಗಿತ್ತು.

ಒಂದು ಮಧ್ಯಾಹ್ನ ದ್ಯಾವಮ್ಮ ಶೆಡ್ಡಿಗೆ ಬಂದಳು. ಐವತ್ತು ವರ್ಷ ಹಣ್ಣು ಕಿತ್ತು ಅವಳ ಬೆರಳುಗಳ ಗೆರೆಗಳು ಸವೆದಿದ್ದವು, ಯಂತ್ರ ಅವಳನ್ನು ಒಪ್ಪುತ್ತಿರಲಿಲ್ಲ. ಅವಳೊಬ್ಬಳ ಹೆಸರನ್ನು ಶಶಿಕಿರಣ ಕೈಯಲ್ಲೇ ಬರೆಯುತ್ತಿದ್ದ. ಬರೆಸಿ ಆದ ಮೇಲೂ ಅವಳು ಹೋಗಲಿಲ್ಲ. ಗೊಬ್ಬರದ ಮೂಟೆಯೊಂದರ ಮೇಲೆ ಕೂತಳು.

"ಏಳನೇ ಹಾಡು ಅಂತಾರಲ್ಲ ರೈಟರೇ, ಹಂಗಾದ್ರೆ ಇನ್ನು ಆರು ಎಲ್ಲಿ?"

ಇದನ್ನು ಅವನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

"ಇವೆ ದ್ಯಾವಮ್ಮ. ನಾನೇ ಬರೆದಿದ್ದು. ಯಾರೂ ಅಷ್ಟಾಗಿ..."

"ಹಾಕಿ."

ಅವನು ಫೋನ್ ತೆಗೆದ. "ಇಲ್ಲಿ ಕೇಳಿದ್ರೆ ಲೆಕ್ಕಕ್ಕೆ ಬರಲ್ಲ" ಎಂದ.

"ನಾನು ಲೆಕ್ಕಕ್ಕೆ ಬಂದಿಲ್ಲ, ಸ್ವಲ್ಪ ಕೂರೋಕೆ ಬಂದಿದ್ದು. ಹಾಕಿ."

ಮೊದಲನೆಯ ಹಾಡು ಶುರುವಾಯಿತು. ಆರು ವರ್ಷದ ಹಿಂದಿನದು, ದನಿ ಎಳಸು. ದ್ಯಾವಮ್ಮ ಪಲ್ಲವಿಗೆ ತಲೆಯಾಡಿಸಿದಳು. ಮೊದಲ ಚರಣ ಮುಗಿಯುವಾಗ "ಚೆನ್ನಾಗಿದೆ, ಸ್ವಲ್ಪ ಅಡಿಕೆ ಇದ್ರೆ ಕೊಡಿ" ಎಂದಳು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಮೂಟೆಗೊರಗಿ ಅವಳಿಗೆ ನಿದ್ದೆ ಹತ್ತಿತ್ತು. ಶಶಿಕಿರಣ ಸದ್ದನ್ನು ಸ್ವಲ್ಪ ತಗ್ಗಿಸಿ, ಆರನ್ನೂ ಕೊನೆಯವರೆಗೆ ಹಾಕಿದ.